ಗುಡ್ಡ ಕಾಯುವ ಕೈಗಳು



ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ನಿಮ್ಮಲ್ಲಿ ಬಹಳ ಮಂದಿ ಹೋಗಿ ಬಂದಿದ್ದೀರಿ. ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಚಕ್ಕಡಿ ಹೂಡಿಕೊಂಡು, ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ ಹೋಗುತ್ತೇವೆ. ಹೊಳೆಆಲೂರಿನಲ್ಲಿ ರೈಲು ಹತ್ತಿ ಬಾದಾಮಿಯಲ್ಲಿ ಇಳಿಯುವವರೂ ಇದ್ದಾರೆ. ದೇವಿಗೆ ಕಾಯಿ ಒಡೆಸಿ, ಬುತ್ತಿ ರೊಟ್ಟಿ ಉಂಡು, ಬಳೆ ಇಡಿಸಿಕೊಂಡು ತಿರುಗಿ ಬರುತ್ತೇವೆ. ಹೋಗುವಾಗ ಬರುವಾಗ ಬಾದಾಮಿಯ ಕೆಂಪು ಗುಡ್ಡ ಕಣ್ಣಿಗೆ ಬೀಳುತ್ತದೆ.

ಆ ಗುಡ್ಡ ಹತ್ತಲೆಂದೇ ದೂರದ ಊರುಗಳಿಂದ ಕೆಲವರು ಬರುತ್ತಾರೆ. ಬೆಂಗಳೂರಿನಿಂದ ಬರುತ್ತಾರೆ. ಪುಣೆಯಿಂದ ಬರುತ್ತಾರೆ. ಬೇರೆ ದೇಶದಿಂದಲೂ ಬರುತ್ತಾರೆ. ಅವರು ಮೆಟ್ಟಿಲು ಹತ್ತುವವರಲ್ಲ. ಗೋಡೆಯ ಹಾಗೆ ನೆಟ್ಟಗೆ ನಿಂತ ಬಂಡೆಯನ್ನು ಕೈ ಊರಿ, ಕಾಲು ಊರಿ ಹತ್ತುವವರು. ಅವರಲ್ಲಿ ಕೆಲವರು ಹತ್ತಿ ಇಳಿದು ಸುಮ್ಮನೆ ಹೋಗುವುದಿಲ್ಲ. ಬಂಡೆ ಕಾಯುವ ಕೆಲಸವನ್ನೂ ಮಾಡುತ್ತಾರೆ. ಅದಕ್ಕೆ ಸಂಬಳ ಇಲ್ಲ.

ಅವರು ಏನು ಮಾಡುತ್ತಾರೆ? ಯಾಕೆ ಮಾಡುತ್ತಾರೆ? ಅದರಿಂದ ನಮ್ಮ ಊರಿನ ಗುಡ್ಡಕ್ಕೆ ಏನು ಪಾಠ? ಈ ಪಾಠದಲ್ಲಿ ಓದೋಣ.

ಇವರು ಯಾಕೆ ಹತ್ತುತ್ತಾರೆ?

ನಮ್ಮ ಕಲಿಕಾ ಕೇಂದ್ರದಲ್ಲಿ ಈ ವಿಷಯ ಬಂದಾಗ ಒಬ್ಬ ದೊಡ್ಡವ್ವ ಕೇಳಿದರು:

"ಅಕ್ಕೋರ, ಕಟಗಿ ತರಾಕ ನಾವು ದಿನಾ ಗುಡ್ಡ ಹತ್ತತೇವಿ. ಇವ್ರು ಸುಮ್ನ ಯಾಕ ಹತ್ತತಾರ್ರಿ? ಮ್ಯಾಲೆ ಹೋಗಿ ಏನ್ ತರ್ತಾರ?"

ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಸರಿಯಾಗಿತ್ತು.

ನಮ್ಮೂರ ಹುಡುಗರು ಕುಸ್ತಿ ಆಡುತ್ತಾರೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಾರೆ. ಎತ್ತಿದ ಕಲ್ಲನ್ನು ಮನೆಗೇನೂ ಒಯ್ಯುವುದಿಲ್ಲ. ಅದು ಮೈಗೆ ಕಸುವು ಕೊಡುತ್ತದೆ, ಮನಸ್ಸಿಗೆ ಧೈರ್ಯ ಕೊಡುತ್ತದೆ. ಬಂಡೆ ಹತ್ತುವುದೂ ಹಾಗೆಯೇ ಒಂದು ಆಟ. ಹೆಣ್ಣುಮಕ್ಕಳೂ ಇದನ್ನು ಆಡುತ್ತಾರೆ. ಬಚೇಂದ್ರಿ ಪಾಲ್ ಎಂಬ ಹೆಣ್ಣುಮಗಳು 1984ರಲ್ಲಿ ಎವರೆಸ್ಟ್ ಶಿಖರ ಹತ್ತಿದರು. ಎವರೆಸ್ಟ್ ಹತ್ತಿದ ಮೊದಲ ಭಾರತೀಯ ಮಹಿಳೆ ಅವರೇ. ಅವರು ಹುಟ್ಟಿದ್ದೂ ಒಂದು ಹಳ್ಳಿಯಲ್ಲೇ.

ಚಿತ್ರದುರ್ಗದ ಜ್ಯೋತಿರಾಜ್ ಹೆಸರು ನೀವು ಕೇಳಿರಬಹುದು. ಕೋತಿರಾಜ ಅಂತಲೇ ಜನ ಕರೆಯುತ್ತಾರೆ. ಅವರು ಬರಿಗೈಯಲ್ಲಿ ಕೋಟೆ ಗೋಡೆ ಹತ್ತುವುದನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. ಅದು ಎಲ್ಲರೂ ಮಾಡುವ ಕೆಲಸ ಅಲ್ಲ. ಬಾದಾಮಿಗೆ ಬರುವವರಲ್ಲಿ ಹೆಚ್ಚಿನವರು ಹಗ್ಗ ಕಟ್ಟಿಕೊಂಡು ಹತ್ತುತ್ತಾರೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಎಂಬ ಸರ್ಕಾರಿ ಸಂಸ್ಥೆ ಬಾದಾಮಿಯಲ್ಲಿ ಇದರ ತರಬೇತಿ ಶಿಬಿರ ನಡೆಸಿದೆ. ಬಾದಾಮಿಯ ಹುಡುಗರೂ ಕಲಿತಿದ್ದಾರೆ. ಬಂದವರಿಗೆ ದಾರಿ ತೋರಿಸಿ ನಾಲ್ಕು ಕಾಸು ಗಳಿಸುತ್ತಾರೆ.

ಉಸುಕಿನ ಕಲ್ಲು

ಬಾದಾಮಿಯ ಬಂಡೆ ಮರಳುಗಲ್ಲು. ನಾವು ಉಸುಕು ಅನ್ನುತ್ತೇವಲ್ಲ, ಅದೇ ಉಸುಕಿನಿಂದ ಆದ ಕಲ್ಲು. ಕೋಟಿ ಕೋಟಿ ವರ್ಷಗಳ ಹಿಂದೆ ನೀರು ಹೊತ್ತು ತಂದ ಉಸುಕು ಪದರು ಪದರಾಗಿ ಕೂತಿತು. ಮೇಲಿನ ಪದರಿನ ಭಾರಕ್ಕೆ ಕೆಳಗಿನ ಪದರು ಒತ್ತಿ ಗಟ್ಟಿಯಾಯಿತು. ಅದರಲ್ಲಿ ಕಬ್ಬಿಣದ ಅಂಶ ಇದೆ. ಅದಕ್ಕೇ ಬಂಡೆ ಕೆಂಪಾಗಿದೆ.

ಈ ಕಲ್ಲಿಗೆ ಒಂದು ಗುಣ ಇದೆ. ಒಣಗಿದಾಗ ಗಟ್ಟಿ. ಮಳೆ ನೀರು ಕುಡಿದಾಗ ಅದರ ಬಲ ಕುಗ್ಗುತ್ತದೆ. ನಮ್ಮ ಮಣ್ಣಿನ ಗೋಡೆ ನೋಡಿರಿ. ಬೇಸಿಗೆಯಲ್ಲಿ ಗುದ್ದಿದರೂ ಜಗ್ಗುವುದಿಲ್ಲ. ಜಡಿಮಳೆಯಲ್ಲಿ ಕೈ ಇಟ್ಟರೆ ಕಿತ್ತು ಬರುತ್ತದೆ. ಮರಳುಗಲ್ಲು ಅಷ್ಟು ಮೆದುವಲ್ಲ. ಆದರೆ ಗುಣ ಮಾತ್ರ ಅಂಥದ್ದೇ.

ಅದಕ್ಕೇ ಬಲ್ಲವರು ಮಳೆ ಬಂದ ಕೂಡಲೇ ಬಂಡೆ ಹತ್ತುವುದಿಲ್ಲ. ಅದು ಒಳಗಿನ ತನಕ ಒಣಗಲಿ ಎಂದು ಕಾಯುತ್ತಾರೆ. ಹಸಿ ಬಂಡೆಯಲ್ಲಿ ಬೆರಳಿನ ಹಿಡಿ ಮುರಿದರೆ ಹತ್ತುವವನಿಗೂ ಅಪಾಯ, ಬಂಡೆಗೂ ಗಾಯ. ಮುರಿದ ಕಲ್ಲು ಮತ್ತೆ ಚಿಗುರುವುದಿಲ್ಲ. ಮರ ಕಡಿದರೆ ಇನ್ನೊಂದು ನೆಡಬಹುದು. ಕಲ್ಲು ನೆಡಲು ಬರುವುದಿಲ್ಲ.

ಜರ್ಮನಿ ದೇಶದಲ್ಲಿ ಎಲ್ಬೆ ಎಂಬ ನದಿ ಇದೆ. ಅದರ ದಂಡೆಯಲ್ಲೂ ಮರಳುಗಲ್ಲಿನ ಗುಡ್ಡಗಳಿವೆ. ಅಲ್ಲಿ ಹಸಿ ಬಂಡೆ ಹತ್ತಬಾರದು ಎಂಬುದು ಕಟ್ಟುನಿಟ್ಟಿನ ನಿಯಮ. ಊರು ಯಾವುದಾದರೇನು, ಕಲ್ಲಿನ ಗುಣ ಒಂದೇ.

ಒಂದು ಬೋಲ್ಟ್, ಒಂದು ಜೀವ

ಹಗ್ಗ ಹೇಗೆ ಕಾಯುತ್ತದೆ? ಹತ್ತುವವರು ಸೊಂಟಕ್ಕೆ ಗಟ್ಟಿ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಹಗ್ಗದ ಒಂದು ತುದಿ ಆ ಪಟ್ಟಿಗೆ. ಇನ್ನೊಂದು ಕಡೆ ಜೊತೆಗಾರರ ಕೈಯಲ್ಲಿ. ಜೊತೆಗಾರರು ಕೆಳಗೆ ನಿಂತಿರುತ್ತಾರೆ. ಬಂಡೆಯಲ್ಲಿ ಅಲ್ಲಲ್ಲಿ ತೂತು ಕೊರೆದು ಬೋಲ್ಟ್ ಕೂಡಿಸಿರುತ್ತಾರೆ. ಹತ್ತುವವರು ಒಂದೊಂದು ಬೋಲ್ಟಿಗೂ ಕೊಂಡಿ ಹಾಕಿ, ಅದರಲ್ಲಿ ಹಗ್ಗ ಸೇರಿಸುತ್ತಾ ಮೇಲೆ ಹೋಗುತ್ತಾರೆ. ಕೈ ಜಾರಿದರೆ ಕೊನೆಗೆ ಹಾಕಿದ ಕೊಂಡಿ ತಡೆಯುತ್ತದೆ. ಮನುಷ್ಯ ನೆಲಕ್ಕೆ ಬೀಳದೆ ಹಗ್ಗಕ್ಕೆ ಜೋತು ನಿಲ್ಲುತ್ತಾನೆ.

ಹಾಗಾದರೆ ಜೀವ ನಿಂತಿರುವುದು ಎಲ್ಲಿ? ಬೆರಳಿನಷ್ಟು ದಪ್ಪದ ಒಂದು ಬೋಲ್ಟಿನ ಮೇಲೆ.

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ನಮ್ಮ ಬಾಗಿಲ ಚಿಲಕಕ್ಕೆ ಹಿಡಿಯುವುದಿಲ್ಲವೆ? ಹಾಗೆಯೇ ಮಳೆ, ಬಿಸಿಲು ಬಿದ್ದು ಬಿದ್ದು ಬಂಡೆಯ ಬೋಲ್ಟೂ ಸವೆಯುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ತಿಂದುಹೋಗಿರಬಹುದು. ಬಾದಾಮಿಯಲ್ಲಿ ಬೋಲ್ಟ್ ಕೂಡಿಸಿದ ದಾರಿಗಳು ನೂರಕ್ಕೂ ಹೆಚ್ಚು ಇವೆ. ಹಳೆಯ ಬೋಲ್ಟುಗಳನ್ನು ನೋಡಿಕೊಳ್ಳುವವರು ಯಾರು?

ಹತ್ತುವವರೇ ಆ ಹೊಣೆ ಹೊತ್ತರು. ನಾವು ಜಾತ್ರೆಗೆ ಪಟ್ಟಿ ಎತ್ತುತ್ತೇವಲ್ಲ, ಹಾಗೆ ತಮ್ಮತಮ್ಮಲ್ಲೇ ಪಟ್ಟಿ ಎತ್ತಿ ದುಡ್ಡು ಕೂಡಿಸಿದರು. ತುಕ್ಕು ಹಿಡಿಯದ ಉಕ್ಕಿನ ಬೋಲ್ಟ್ ಕೊಂಡು ತಂದರು. ಬಿಸಿಲಲ್ಲಿ ಹಗ್ಗಕ್ಕೆ ಜೋತುಬಿದ್ದು ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಿದರು. ಈ ಕೆಲಸ ಸುಲಭ ಅಲ್ಲ. ಒಂದು ಕೈಯಲ್ಲಿ ಡ್ರಿಲ್ ಯಂತ್ರ, ಕಣ್ಣಿಗೆ ಬೀಳುವ ಕಲ್ಲಿನ ಪುಡಿ, ಕಾಲ ಕೆಳಗೆ ನೆಲವೇ ಇಲ್ಲ. ಕಲ್ಲು ಮೆದು ಇದ್ದಲ್ಲಿ ಉದ್ದನೆಯ ಬೋಲ್ಟ್ ಬೇಕು. ತೂತಿಗೆ ಗಟ್ಟಿ ಅಂಟು ತುಂಬಿ ಅದನ್ನು ಕೂಡಿಸಬೇಕು. ಅಂಟು ಒಣಗುವ ತನಕ ಯಾರೂ ಅದಕ್ಕೆ ಭಾರ ಹಾಕಬಾರದು.

ಮೇಲಿನ ತುದಿಯಲ್ಲಿ ಉಕ್ಕಿನ ಬಳೆ ಹಾಕುತ್ತಾರೆ. ಅದಕ್ಕೂ ಕಾರಣ ಇದೆ. ಹಳೆಯ ಬಾವಿಕಟ್ಟೆಯ ಕಲ್ಲು ನೋಡಿರಿ. ಸೇದುವ ಹಗ್ಗ ತಿಕ್ಕಿ ತಿಕ್ಕಿ ಕಲ್ಲಿನ ಮೇಲೆ ಕಾಲುವೆಯಂಥ ಗುರುತು ಬಿದ್ದಿರುತ್ತದೆ. ಹಗ್ಗ ಮೆತ್ತಗೆ, ಕಲ್ಲು ಗಟ್ಟಿ. ಆದರೂ ಸವೆದದ್ದು ಕಲ್ಲೇ. ಬಂಡೆಯ ತುದಿಯಲ್ಲೂ ಹಾಗೆಯೇ ಆಗುತ್ತದೆ. ಉಕ್ಕಿನ ಬಳೆಯಲ್ಲಿ ಹಗ್ಗ ಓಡಿದರೆ ಬಂಡೆ ಸವೆಯುವುದು ತಪ್ಪುತ್ತದೆ. ಮೇಲಿರುವ ಗಿಡಮರಕ್ಕೆ ಹಗ್ಗ ಬಿಗಿದು ತೊಗಟೆ ಸುಲಿಯುವುದೂ ತಪ್ಪುತ್ತದೆ.

ಕಸ ಯಾರದು?

ಜನ ಬಂದ ಕಡೆ ಕಸ ಬರುತ್ತದೆ. ನೀರಿನ ಬಾಟಲಿ, ಗುಟಕಾ ಚೀಟಿ, ಪ್ಲಾಸ್ಟಿಕ್ ಚೀಲ. ಇವನ್ನು ತಿಂದ ದನ, ಆಡು ಸಾಯುತ್ತವೆ. ಒಡೆದ ಬಾಟಲಿ ಕುರಿಕಾಯುವವರ ಕಾಲಿಗೆ ಚುಚ್ಚುತ್ತದೆ.

ಹತ್ತುವವರೂ ಗುರುತು ಬಿಡುತ್ತಾರೆ. ಕೈ ಬೆವರಬಾರದೆಂದು ಬಿಳಿ ಪುಡಿ ಹಚ್ಚಿಕೊಳ್ಳುತ್ತಾರೆ. ಆ ಪುಡಿ ಕೆಂಪು ಬಂಡೆಗೆ ಮೆತ್ತಿಕೊಳ್ಳುತ್ತದೆ. ಒಳ್ಳೆಯ ಹತ್ತುವವರು ಇಳಿಯುವಾಗ ಮೆತ್ತನೆಯ ಬ್ರಷ್‌ನಿಂದ ಅದನ್ನು ಉಜ್ಜಿ ತೆಗೆಯುತ್ತಾರೆ. ತಂತಿಯ ಬ್ರಷ್ ಬಳಸುವುದಿಲ್ಲ. ತಂತಿ ಉಸುಕಿನ ಕಲ್ಲನ್ನೇ ಕೆರೆದುಬಿಡುತ್ತದೆ.

ಅಮೆರಿಕ ದೇಶದಲ್ಲಿ ಯೊಸೆಮಿಟಿ ಎಂಬ ದೊಡ್ಡ ಬಂಡೆಗಳ ಕಣಿವೆ ಇದೆ. ಅಲ್ಲಿಯ ಹತ್ತುವವರು 2004ರಲ್ಲಿ ಒಂದು ಕೆಲಸ ಶುರು ಮಾಡಿದರು. ವರ್ಷಕ್ಕೊಮ್ಮೆ ನೂರಾರು ಜನ ಕೂಡಿ ಕಣಿವೆಯ ಕಸ ಆರಿಸುವುದು. "ಇದು ನಾವು ಹಾಕಿದ ಕಸ, ಇದು ಅವರು ಹಾಕಿದ ಕಸ" ಎಂದು ಬೇರೆ ಮಾಡುತ್ತಾ ಕೂಡಲಿಲ್ಲ. ಕಂಡ ಕಸವನ್ನೆಲ್ಲ ಎತ್ತಿದರು.

ನಾವೂ ಹಬ್ಬದ ಮುಂದೆ ಮನೆ ಸಾರಿಸುವಾಗ, ಈ ಧೂಳು ಅತ್ತೆಯದು, ಈ ಧೂಳು ಮೈದುನನದು ಅಂತ ಕೇಳುತ್ತೇವೆಯೆ?

ಬಂಡೆಯ ಮೇಲಿನ ಅಕ್ಷರ

ಬಾದಾಮಿಯ ಬಂಡೆ ಬರೀ ಕಲ್ಲಲ್ಲ. ಅದೊಂದು ಪುಸ್ತಕ. ಚಾಲುಕ್ಯರ ಮೊದಲನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ. ಆ ಸಂಗತಿಯನ್ನು 543ರಲ್ಲಿ ಬಂಡೆಯ ಮೇಲೆ ಕೆತ್ತಿಸಿದ. ಮೂರನೆಯ ಗುಹೆಯಲ್ಲಿ 578ರ ಶಾಸನ ಇದೆ. ಕೆರೆಯ ಹತ್ತಿರದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆ. ಅದು ಸುಮಾರು 1300 ವರ್ಷ ಹಳೆಯದು.

ಈ ಕಪ್ಪೆ ಅರಭಟ್ಟನ ಶಾಸನ ನಮಗೆ ಬಹಳ ಹತ್ತಿರದ್ದು. ಯಾಕೆ ಗೊತ್ತೆ? ಅದರಲ್ಲಿ ಕನ್ನಡದ ತ್ರಿಪದಿ ಇದೆ. ತ್ರಿಪದಿ ಅಂದರೆ ಮೂರು ಸಾಲಿನ ಪದ. ಬೀಸುವಾಗ, ಕುಟ್ಟುವಾಗ ನಮ್ಮ ಅಜ್ಜಿಯರು ಹಾಡುತ್ತಿದ್ದರಲ್ಲ, ಆ ಪದಗಳೂ ತ್ರಿಪದಿಯೇ. ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಬಹಳ ಹಳೆಯದು ಈ ಬಂಡೆಯ ಮೇಲೆ ಇದೆ. ಅಜ್ಜಿಯರು ಅಕ್ಷರ ಕಲಿಯದೆ ಬಾಯಲ್ಲಿ ಕಾಪಾಡಿದ ಧಾಟಿಯನ್ನು ಈ ಬಂಡೆ ತನ್ನ ಮೈಮೇಲೆ ಕಾಪಾಡಿದೆ. ಬಂಡೆ ಒಡೆದರೆ ಅದೂ ಹೋಗುತ್ತದೆ.

ಇಂಥ ಜಾಗಗಳನ್ನು ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆ ಕಾಯುತ್ತದೆ. ಇದಕ್ಕೆ 1958ರ ಕಾನೂನು ಇದೆ. 2010ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಕಾಯ್ದಿಟ್ಟ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದ ತನಕ ಜೈಲು, ಇಲ್ಲವೆ 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೆ ಎರಡೂ ಆಗಬಹುದು. ಅದಕ್ಕೇ ಗುಹೆ, ಗುಡಿ, ಶಾಸನ ಇರುವ ಬಂಡೆಗೆ ಹತ್ತುವವರು ಕೈ ಹಚ್ಚಬಾರದು, ಬೋಲ್ಟ್ ಹೊಡೆಯಬಾರದು. ಒಬ್ಬ ಆ ಗೆರೆ ದಾಟಿದರೆ ಸಾಕು, ಇಡೀ ಗುಡ್ಡ ಎಲ್ಲರಿಗೂ ಮುಚ್ಚಿಹೋಗಬಹುದು.

ಇನ್ನೊಂದು ಮಾತು. ಗುಡ್ಡಕ್ಕೆ ಹೋದವರು ಬಂಡೆಯ ಮೇಲೆ ಬಣ್ಣದಿಂದ ಹೆಸರು ಬರೆಯುತ್ತಾರೆ. ಮೊಳೆಯಿಂದ ಕೆತ್ತುತ್ತಾರೆ. ಅಕ್ಷರ ಕಲಿತವರೇ ಈ ಕೆಲಸ ಮಾಡುವುದು! ನಾವೂ ಈಗ ಅಕ್ಷರ ಕಲಿತಿದ್ದೇವೆ. ನಮ್ಮ ಹೆಸರನ್ನು ಪಾಟಿಯ ಮೇಲೆ ಬರೆಯೋಣ. ಬ್ಯಾಂಕಿನ ಪುಸ್ತಕದಲ್ಲಿ ಬರೆಯೋಣ. ಹೊಲದ ಉತಾರದಲ್ಲಿ ನಮ್ಮ ಹೆಸರು ಇದೆಯೋ ಇಲ್ಲವೋ ಓದಿ ನೋಡೋಣ. ಬಂಡೆಯ ಮೇಲೆ ಮಾತ್ರ ಬೇಡ.

ಹಕ್ಕಿಗೂ ಪಾಲು ಉಂಟು

ರಾಮನಗರದ ಹತ್ತಿರ ರಾಮದೇವರ ಬೆಟ್ಟ ಇದೆ. 1975ರ "ಶೋಲೆ" ಸಿನಿಮಾ ತೆಗೆದದ್ದು ಆ ಕಡೆಯ ಬಂಡೆಗಳಲ್ಲೇ. ಮೊದಲು ಅಲ್ಲಿಯೂ ಬಂಡೆ ಹತ್ತುತ್ತಿದ್ದರು. ಆ ಬೆಟ್ಟದ ಕಡಿದಾದ ಬಂಡೆಯಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. ರಣಹದ್ದು ಸತ್ತ ದನವನ್ನು ತಿಂದು ಊರು ಸ್ವಚ್ಛ ಮಾಡುವ ಹಕ್ಕಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ನಮ್ಮ ದೇಶದಲ್ಲಿ ರಣಹದ್ದುಗಳು ರಾಶಿ ರಾಶಿ ಸತ್ತವು. 2006ರಲ್ಲಿ ಸರ್ಕಾರ ದನಗಳಿಗೆ ಆ ಔಷಧಿ ಕೊಡುವುದನ್ನು ನಿಲ್ಲಿಸಿತು. 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿತು. ಈಗ ಅಲ್ಲಿ ಬಂಡೆ ಹತ್ತುವ ಹಾಗಿಲ್ಲ.

ಪ್ರೀತಿಯ ಬಂಡೆ ಬಿಡುವುದು ಹತ್ತುವವರಿಗೆ ಸುಲಭ ಅಲ್ಲ. ಆದರೆ ಅವರಿಗೆ ಬೇರೆ ಬಂಡೆ ಸಿಗುತ್ತದೆ. ಹಕ್ಕಿಗೆ ಬೇರೆ ಮನೆ ಸಿಗುವುದು ಕಷ್ಟ. ಕಾಯುವುದು ಅಂದರೆ ಕೆಲವು ಸಲ ಹತ್ತದೆ ಬಿಡುವುದು.

ಹೆಜ್ಜೇನಿನ ಮಾತೂ ಹಾಗೆಯೇ. ಬಂಡೆಯ ಸಂದಿಗೆ ಹೆಜ್ಜೇನು ಕಟ್ಟಿದರೆ ಆ ಕಡೆ ಹೋಗಬಾರದು, ಕೂಗಬಾರದು, ಹೊಗೆ ಹಾಕಬಾರದು. ಜೇನು ಎದ್ದರೆ ಹತ್ತುವವರನ್ನಷ್ಟೇ ಅಲ್ಲ, ಕೆಳಗೆ ಆಡು ಮೇಯಿಸುವವರನ್ನೂ ಬಿಡುವುದಿಲ್ಲ.

ಊರಿನವರ ಮಾತು

ಕಲಿಕಾ ಕೇಂದ್ರದಲ್ಲಿ ಇನ್ನೊಬ್ಬ ತಾಯಿ ಕೇಳಿದರು:

"ಹೊರಗಿನ ಮಂದಿ ಬರ್ತಾರ, ಹೋಗ್ತಾರ. ನಾಳೆ ಗುಡ್ಡ ಕಾಯಾಕ ಅಂತ ನಮಗ ಕುರಿ ಮೇಸಬ್ಯಾಡ್ರಿ, ಕಟಗಿ ತರಬ್ಯಾಡ್ರಿ ಅಂದ್ರ ನಾವೇನ್ ಮಾಡೂಣ್ರಿ?"

ಈ ಮಾತಿನಲ್ಲಿ ನ್ಯಾಯ ಇದೆ. ಗುಡ್ಡದ ಬುಡದಲ್ಲಿ ಬದುಕುವವರನ್ನು ಕೇಳದೆ ಗುಡ್ಡ ಕಾಯಲು ಆಗುವುದಿಲ್ಲ. ಹತ್ತುವವರು ಯಾರದೋ ಹೊಲ ತುಳಿದು ಹೋಗಬಾರದು. ಊರ ದೇವರ ಜಾಗದಲ್ಲಿ ಚಪ್ಪಲಿ, ಗದ್ದಲ, ಕುಡಿತ ನಡೆಸಬಾರದು. ಹೆಣ್ಣುಮಕ್ಕಳು ಓಡಾಡುವ ದಾರಿಗೆ ಅಡ್ಡ ಬರಬಾರದು. ಮೊದಲು ಊರಿನ ಹಿರಿಯರನ್ನು ಕಂಡು ಕೇಳಬೇಕು. ನಾವೂ ಅಷ್ಟೇ. ಬಂದವರನ್ನು ಶತ್ರು ಎಂದು ನೋಡದೆ, ನಮ್ಮ ನಿಯಮ ಏನು ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ನಮ್ಮ ಗುಡ್ಡ

ಗಜೇಂದ್ರಗಡದಲ್ಲಿ ಗುಡ್ಡ ಇದೆ. ಅದರ ಮೈಯಲ್ಲಿ ಕಾಲಕಾಲೇಶ್ವರನ ಗುಡಿ ಇದೆ, ಅಂತರಗಂಗೆಯ ನೀರು ಇದೆ. ನರಗುಂದದಲ್ಲಿ ಗುಡ್ಡ ಇದೆ, ಅದರ ಮೇಲೆ ಕೋಟೆ ಇದೆ. 1858ರಲ್ಲಿ ನರಗುಂದದ ಬಾಬಾಸಾಹೇಬರು ಇಂಗ್ಲಿಷರ ಮೇಲೆ ಎದ್ದು ನಿಂತ ನೆಲ ಅದು. ಈ ಗುಡ್ಡಗಳಿಗೆ ನಾವು ದೇವರಿಗೆ ಹೋಗುತ್ತೇವೆ. ನಮ್ಮ ಮಕ್ಕಳು ಶಾಲೆಯಿಂದ ನೋಡಲು ಹೋಗುತ್ತಾರೆ.

ಬೋಲ್ಟ್ ಹೊಡೆಯುವ ಕೆಲಸ ನಮಗೆ ಬೇಡ. ಆದರೆ ಹತ್ತುವವರಿಂದ ಕಲಿಯುವ ಮಾತು ಒಂದಿದೆ. ಯಾರು ಬಳಸುತ್ತಾರೋ ಅವರೇ ಕಾಯಬೇಕು. ಯಾರಾದರೂ ಬಂದು ಮಾಡಲಿ ಎಂದು ಕೂತರೆ ಗುಡ್ಡ ಉಳಿಯುವುದಿಲ್ಲ. ನಾವು ಮಾಡಬಹುದಾದ ಕೆಲಸ ಇಷ್ಟು:

1. ಗುಡ್ಡಕ್ಕೆ ಒಯ್ದ ಪ್ಲಾಸ್ಟಿಕ್ಕನ್ನು ತಿರುಗಿ ಮನೆಗೆ ತರುವುದು. ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುವುದು.
2. ಜಾತ್ರೆ ಮುಗಿದ ಮರುದಿನ ಸಂಘದ ಹೆಣ್ಣುಮಕ್ಕಳು ಕೂಡಿ ಕಸ ಆರಿಸುವುದು.
3. ನೀರಿನ ಹೊಂಡದಲ್ಲಿ ಸೋಪಿನ ಕಾಗದ, ಪೂಜೆಯ ಕಸ ಹಾಕದಿರುವುದು.
4. ಬಂಡೆಯ ಮೇಲೆ ಹೆಸರು ಬರೆಯುವ ಹುಡುಗರಿಗೆ ತಿಳಿಸಿ ಹೇಳುವುದು.
5. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳದಂತೆ ನೋಡಿಕೊಳ್ಳುವುದು.
6. ಯಾರಾದರೂ ಗುಡ್ಡದ ಕಲ್ಲು ಒಡೆಯುತ್ತಿದ್ದರೆ ಅದಕ್ಕೆ ಪರವಾನಗಿ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದು.

ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು ಇವೆ. ಗ್ರಾಮಸಭೆಯಲ್ಲಿ ಮಾತಾಡುವ ಹಕ್ಕು ಎಲ್ಲರಿಗೂ ಇದೆ. ಬಾಯಲ್ಲಿ ಹೇಳಿದ ಮಾತು ಗಾಳಿಗೆ ಹೋಗಬಹುದು. ಬರೆದು ಕೊಟ್ಟ ಅರ್ಜಿಗೆ ಬೆಲೆ ಇದೆ. ಈ ಕೆಳಗಿನ ಅರ್ಜಿಯನ್ನು ಓದಿರಿ. ಆಮೇಲೆ ನಿಮ್ಮ ಊರಿಗೆ ತಕ್ಕ ಹಾಗೆ ನೀವೇ ಬರೆಯಿರಿ.

ಅರ್ಜಿಯ ಮಾದರಿ

ಗೆ,
ಮಾನ್ಯ ಅಧ್ಯಕ್ಷರು,
ಗ್ರಾಮ ಪಂಚಾಯಿತಿ, ....................

ವಿಷಯ: ಗುಡ್ಡದ ದಾರಿಯಲ್ಲಿ ಕಸದ ಡಬ್ಬಿ ಇಡುವ ಬಗ್ಗೆ.

ಮಾನ್ಯರೆ,
ನಮ್ಮ ಊರಿನ ಗುಡ್ಡದ ಗುಡಿಗೆ ಬಹಳ ಜನ ಬರುತ್ತಾರೆ. ದಾರಿಯಲ್ಲಿ ಪ್ಲಾಸ್ಟಿಕ್ ಕಸ ಬಿದ್ದಿದೆ. ಅದನ್ನು ದನಗಳು ತಿನ್ನುತ್ತಿವೆ. ಆದ್ದರಿಂದ ಗುಡ್ಡದ ಬುಡದಲ್ಲಿ ಮತ್ತು ಗುಡಿಯ ಹತ್ತಿರ ಕಸದ ಡಬ್ಬಿ ಇಡಿಸಬೇಕು. ವಾರಕ್ಕೊಮ್ಮೆ ಕಸ ಒಯ್ಯುವ ವ್ಯವಸ್ಥೆ ಮಾಡಬೇಕು. ಕಸ ಆರಿಸಲು ನಮ್ಮ ಸಂಘದವರು ಕೈಜೋಡಿಸುತ್ತೇವೆ.

ತಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ)
ಊರು: ..........  ತಾರೀಖು: ..........

ಹೆಬ್ಬೆಟ್ಟು ಒತ್ತಬೇಡಿರಿ. ಸಹಿ ಮಾಡಿರಿ. ಅರ್ಜಿಯ ಇನ್ನೊಂದು ಪ್ರತಿ ಬರೆದು, ಮುಟ್ಟಿದ್ದಕ್ಕೆ ಪಂಚಾಯಿತಿಯ ಸಿಕ್ಕೆ ಹಾಕಿಸಿ ಇಟ್ಟುಕೊಳ್ಳಿರಿ.

ಪದಗಳ ಅರ್ಥ

ಮರಳುಗಲ್ಲು: ಉಸುಕು ಗಟ್ಟಿಯಾಗಿ ಆದ ಕಲ್ಲು
ಶಾಸನ: ಕಲ್ಲಿನ ಮೇಲೆ ಕೆತ್ತಿದ ಬರಹ
ಸ್ಮಾರಕ: ಹಿಂದಿನವರ ನೆನಪಿಗೆ ಉಳಿದ ಕಟ್ಟಡ ಅಥವಾ ಜಾಗ
ಧಾಮ: ಪ್ರಾಣಿ, ಪಕ್ಷಿಗಳನ್ನು ಕಾಯುವ ಜಾಗ
ಪರವಾನಗಿ: ಸರ್ಕಾರ ಕೊಡುವ ಒಪ್ಪಿಗೆ

ಓದಿ ಉತ್ತರ ಹೇಳಿರಿ

1. ಬಾದಾಮಿಯ ಬಂಡೆ ಯಾಕೆ ಕೆಂಪಾಗಿದೆ?
2. ಮಳೆಯಾದ ಕೂಡಲೇ ಮರಳುಗಲ್ಲಿನ ಬಂಡೆ ಯಾಕೆ ಹತ್ತಬಾರದು?
3. ಬಂಡೆಯ ತುದಿಗೆ ಉಕ್ಕಿನ ಬಳೆ ಹಾಕುವುದರಿಂದ ಏನು ಉಪಯೋಗ?
4. ಕಪ್ಪೆ ಅರಭಟ್ಟನ ಶಾಸನಕ್ಕೂ ಬೀಸುವ ಪದಕ್ಕೂ ಏನು ಸಂಬಂಧ?

ಲೆಕ್ಕ ಮಾಡಿರಿ

1. ಒಂದು ಬಂಡೆ 20 ಮೀಟರ್ ಎತ್ತರ ಇದೆ ಎಂದುಕೊಳ್ಳಿರಿ. 2 ಮೀಟರಿಗೆ ಒಂದರಂತೆ ಎಷ್ಟು ಬೋಲ್ಟ್ ಬೇಕು? ಒಂದು ಬೋಲ್ಟಿಗೆ 300 ರೂಪಾಯಿ ಆದರೆ ಒಟ್ಟು ಖರ್ಚು ಎಷ್ಟು? 15 ಜನ ಪಟ್ಟಿ ಹಾಕಿದರೆ ಒಬ್ಬರಿಗೆ ಎಷ್ಟು ಬೀಳುತ್ತದೆ?
2. ಪುಲಕೇಶಿ 543ರಲ್ಲಿ ಕೆತ್ತಿಸಿದ ಶಾಸನಕ್ಕೆ ಈ ವರ್ಷ ಎಷ್ಟು ವರ್ಷ ಆಯಿತು?

ಕೂಡಿ ಮಾತಾಡಿರಿ

ನಿಮ್ಮ ಊರಿನ ಗುಡ್ಡ, ಕೆರೆ, ಗುಂಡುತೋಪು, ಇವುಗಳಲ್ಲಿ ಯಾವುದನ್ನು ಎಲ್ಲರೂ ಬಳಸುತ್ತೀರಿ? ಅದನ್ನು ಕಾಯುವವರು ಯಾರು? ಯಾರೂ ಇಲ್ಲದಿದ್ದರೆ ಮೊದಲ ಕೆಲಸ ಯಾವುದು, ಯಾವ ವಾರ, ಯಾರು ಯಾರು? ಹೆಸರು ಬರೆದು ಪಟ್ಟಿ ಮಾಡಿರಿ. ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ ಇರಲಿ.